ಖಾಲಿ ಡಬ್ಬಿ ವಾಪಸ್ ಕೊಡಬಾರದು

ನಮ್ಮ ಮನೆಯ ಒಂದು ಸ್ಟೀಲ್ ಡಬ್ಬಿ ಆರು ವರ್ಷದಿಂದ ಅಡುಗೆಮನೆಯಲ್ಲಿ ಒಂದು ವಾರಕ್ಕಿಂತ ಜಾಸ್ತಿ ನಿಂತಿದ್ದಿಲ್ಲ. ಅಮ್ಮ ಸಾಗರದಿಂದ ಬರುವಾಗ ಅಪ್ಪೆಮಿಡಿ ಉಪ್ಪಿನಕಾಯಿ ತುಂಬಿ ತಂದಿದ್ದ ಡಬ್ಬಿ. ಮುಚ್ಚಳದ ಮೇಲೆ ಅವಳ ಹೆಸರು ಚುಕ್ಕಿ ಚುಕ್ಕಿಯಾಗಿ ಕೊರೆದಿದೆ. ಮೊದಲ ಸಲ ಅದರಲ್ಲಿ ಪುಳಿಯೋಗರೆ ಹಾಕಿ ಪಕ್ಕದ ಮನೆಗೆ ಕೊಟ್ಟೆವು. ಮೂರು ದಿನ ಬಿಟ್ಟು ಡಬ್ಬಿ ವಾಪಸ್ ಬಂತು. ಒಳಗೆ ತೆಂಗಿನಹಾಲು, ಬೆಲ್ಲದ ಬಣ್ಣದ ಸಕ್ಕರೆ ಹಾಕಿ ಬೇಯಿಸಿದ ಅಂಟು ಅಕ್ಕಿಯ ಸಿಹಿ. ಅದಕ್ಕೆ ‘ಬಿಕೊ’ ಅನ್ನುತ್ತಾರಂತೆ. ಹೆಂಡತಿ ಮುಚ್ಚಳ ತೆಗೆದು ನೋಡಿ, “ಇವರೂ ಖಾಲಿ ಡಬ್ಬಿ ಕೊಡಲ್ಲ ನೋಡಿ” ಅಂದಳು. ಅವತ್ತೇ ನನಗೆ ಈ ಮನೆಯವರು ನಮ್ಮವರು ಅನ್ನಿಸಿಬಿಟ್ಟಿತು.

ನಾವಿರುವುದು ಸ್ಯಾನ್ ಫ್ರಾನ್ಸಿಸ್ಕೋಗೆ ದಕ್ಷಿಣಕ್ಕೆ ಅಂಟಿಕೊಂಡಿರುವ ಡೇಲಿ ಸಿಟಿಯಲ್ಲಿ. ಗುಡ್ಡದ ಮೇಲೆ ಸಾಲುಮನೆಗಳು, ಬೇಸಿಗೆಯಲ್ಲೂ ಮಂಜು. ಇಲ್ಲಿ ಸುಮಾರು ಮೂವರಲ್ಲಿ ಒಬ್ಬರು ಫಿಲಿಪೀನ್ಸ್ ಮೂಲದವರು. ಆ ದೇಶದ ಹೆಸರಾಂತ ಜಾಲಿಬೀ ಹೋಟೆಲು ಅಮೆರಿಕದಲ್ಲಿ ಮೊದಲ ಅಂಗಡಿ ತೆರೆದದ್ದೂ ಇದೇ ಊರಿನಲ್ಲಿ, 1998ರಲ್ಲಿ. ಪಕ್ಕದ ಮನೆಯಾಕೆ ನರ್ಸ್. ಎಲ್ಲರೂ ಅವರನ್ನು ‘ಆತೆ’ ಎಂದು ಕರೆಯುತ್ತಾರೆ. ಹಾಗಂದರೆ ಅಕ್ಕ. ನಾವೂ ಹಾಗೇ ಕರೆಯುತ್ತೇವೆ. ಅವರ ತಾಯಿ ಮನೆಯವರಿಗೆಲ್ಲ ‘ಲೋಲಾ’, ಅಂದರೆ ಅಜ್ಜಿ.

ನವೆಂಬರಿನ ನಾಲ್ಕನೇ ಗುರುವಾರ ಇಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ನಾನು ಮೊದಲು ಈ ಹಬ್ಬ ನೋಡಿದ್ದು ಅಮೆರಿಕನ್ ಸಹೋದ್ಯೋಗಿಯೊಬ್ಬರ ಮನೆಯಲ್ಲಿ. ಊಟಕ್ಕೆ ಮುಂಚೆ ಎಲ್ಲರೂ ಒಬ್ಬೊಬ್ಬರಾಗಿ, ಈ ವರ್ಷ ನಾನು ಯಾವುದಕ್ಕೆ ಕೃತಜ್ಞ ಅಂತ ಹೇಳಬೇಕು. ಎಂಟು ವರ್ಷದ ಹುಡುಗಿ ಕೂಡ ಚೆಂದ ಮಾಡಿ ಹೇಳಿದಳು. ನನ್ನ ಸರದಿ ಬಂದಾಗ ನಾಲಿಗೆ ಹೊರಳಲಿಲ್ಲ. ಹೇಳಲು ಏನೂ ಇಲ್ಲ ಅಂತಲ್ಲ. ನಮ್ಮ ಮನೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವ ರೂಢಿಯೇ ಇಲ್ಲ. ‘ಧನ್ಯವಾದ’ ನಮಗೆ ಸಭೆಯ ಮಾತು, ವಂದನಾರ್ಪಣೆಯ ಮಾತು. ಅಮ್ಮನಿಗೆ ಫೋನಿನಲ್ಲಿ ಥ್ಯಾಂಕ್ಸ್ ಅಂದರೆ, “ಏನಾಯ್ತೋ, ಹುಷಾರಾಗಿದ್ದೀಯಲ್ಲ?” ಅಂತ ಕೇಳುತ್ತಾಳೆ.

ಆತೆ ಮನೆಯ ಥ್ಯಾಂಕ್ಸ್‌ಗಿವಿಂಗ್ ಬೇರೆ ಥರ. ಮೊದಲನೆಯದಾಗಿ, ಅದು ಗುರುವಾರವೇ ಆಗಬೇಕೆಂದಿಲ್ಲ. ಹಬ್ಬದ ದಿನ ಆಸ್ಪತ್ರೆಗೆ ರಜೆ ಇಲ್ಲವಲ್ಲ. ಅವರ ಪಾಳಿ ಮುಗಿದು, ನಿದ್ದೆ ಮುಗಿದ ದಿನ ಊಟ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರೆ ಮಕ್ಕಳು ಲೋಲಾ ಕೈ ಹಿಡಿದು ಹಣೆಗೆ ಒತ್ತಿಕೊಳ್ಳುತ್ತಿರುತ್ತಾರೆ. ದೊಡ್ಡವರಿಗೆ ನಮಸ್ಕಾರ ಮಾಡುವ ಕ್ರಮ ಅದು. ನಮ್ಮ ಮಗನಿಗೆ ಯಾರೂ ಹೇಳಿಕೊಡಲಿಲ್ಲ, ಸಾಲಿನಲ್ಲಿ ನಿಂತು ಅವನೂ ಮಾಡಿದ. ಲೋಲಾ ಚಿಕ್ಕದೊಂದು ಪ್ರಾರ್ಥನೆ ಹೇಳುತ್ತಾರೆ. ಆಮೇಲೆ ಒಂದೇ ಮಾತು, “ಕಾಯಿನ್ ನಾ!” ಊಟಕ್ಕೆ ಏಳಿ, ಅಷ್ಟೇ. ಯಾರೂ ಸುತ್ತು ಹಾಕಿ ಕೃತಜ್ಞತೆ ಹೇಳುವುದಿಲ್ಲ.

ಮೇಜಿನ ಮೇಲೆ ಟರ್ಕಿ ಕೋಳಿ ಇರುತ್ತದೆ, ಇಲ್ಲಿ ಹುಟ್ಟಿದ ಮಕ್ಕಳಿಗೆ ಅದು ಬೇಕು. ಆದರೆ ಅದನ್ನೂ ವಿನೆಗರ್, ಸೋಯಾ ಸಾಸ್, ಬೆಳ್ಳುಳ್ಳಿ, ಕಾಳುಮೆಣಸಿನಲ್ಲಿ ನೆನೆಸಿ ಅಡೋಬೋ ರುಚಿಗೆ ತಂದಿರುತ್ತಾರೆ. ಸುತ್ತ ಲುಂಪಿಯಾ ಎಂಬ ಕರಿದ ಸುರುಳಿ, ಹಂದಿಮಾಂಸದ ಲೆಚೋನ್, ಹಾಲು-ಮೊಟ್ಟೆಯ ಸಿಹಿ ಲೆಚೆ ಫ್ಲಾನ್, ಉಬೆ ಎಂಬ ನೇರಳೆ ಗೆಣಸಿನ ಹಲ್ವ. ಇಡ್ಲಿಯ ಹಾಗೆ ಹಬೆಯಲ್ಲಿ ಬೇಯಿಸಿದ, ಸ್ವಲ್ಪ ಸಿಹಿಯಾದ ಪುತೋ. ಪಕ್ಕದಲ್ಲಿ ಅನ್ನದ ಕುಕ್ಕರ್. ಎಷ್ಟೇ ಬಗೆ ಇದ್ದರೂ ಅನ್ನ ಇಲ್ಲದಿದ್ದರೆ ಅದು ಊಟ ಅಲ್ಲ ಅನ್ನುವುದರಲ್ಲಿ ಅವರಿಗೂ ನಮಗೂ ಎರಡು ಮಾತಿಲ್ಲ.

ನಾವು ಸಸ್ಯಾಹಾರಿಗಳು. ಫಿಲಿಪೀನ್ಸ್ ಅಡುಗೆಯಲ್ಲಿ ಮೀನು, ಮಾಂಸ ಇಲ್ಲದ ಪಾತ್ರೆ ಸಿಗುವುದು ಕಷ್ಟ. ಒಂದು ವರ್ಷ ಸ್ವಲ್ಪ ಬೇಗ ಹೋಗಿದ್ದೆ. ಅಡುಗೆಮನೆಯಲ್ಲಿ ಆತೆ ಒಂದು ಬಾಣಲೆಯನ್ನು ಎರಡೆರಡು ಸಲ ಸೋಪು ಹಾಕಿ ತೊಳೆಯುತ್ತಿದ್ದರು. ರಾತ್ರಿಪಾಳಿ ಮುಗಿಸಿ ಬಂದ ಕಣ್ಣು ಇನ್ನೂ ಕೆಂಪಗಿತ್ತು. ಅದರಲ್ಲಿ ನಮಗೆಂದೇ ಬೇರೆ ಪಾನ್ಸಿತ್ ಮಾಡಿದರು. ಅಕ್ಕಿಯ ಎಳೆ ನೆನೆಸಿ, ಎಲೆಕೋಸು, ಕ್ಯಾರೆಟ್, ಹುರುಳಿಕಾಯಿ ಬಾಡಿಸಿ, ಮೀನಿನ ಸಾಸ್ ಇರುವ ಬಾಟಲಿಯನ್ನು ದೂರ ಸರಿಸಿಟ್ಟು, ಬರೀ ಸೋಯಾ ಸಾಸ್ ಹಾಕಿ ಕಲಸಿದರು. ಮೇಲೆ ಕಲಮಾನ್ಸಿ ಎಂಬ ಪುಟ್ಟ ನಿಂಬೆ ಹಿಂಡಿದರು. ತಿಂದರೆ ನಮ್ಮ ಒತ್ತು ಶಾವಿಗೆಯ ನೆಂಟಸ್ತಿಕೆ! ಎಳೆಗಳನ್ನು ಕತ್ತರಿಸಬಾರದಂತೆ. ಉದ್ದ ಎಳೆ, ಉದ್ದ ಆಯಸ್ಸು. ನಾನು ಥ್ಯಾಂಕ್ಸ್ ಹೇಳಲು ಹೋದೆ. ಅವರು ತಟ್ಟೆಗೆ ಇನ್ನಷ್ಟು ಬಡಿಸಿದರು.

ಅವತ್ತು ಅವರಿಂದ ಒಂದು ಮಾತು ಕಲಿತೆ. ‘ಉತಾಂಗ್ ನಾ ಲೋಬ್.’ ಉತಾಂಗ್ ಅಂದರೆ ಸಾಲ, ಲೋಬ್ ಅಂದರೆ ಒಳಗು. ಒಳಗಿನ ಸಾಲ. ಕೇಳುತ್ತಿದ್ದ ಹಾಗೇ ನನ್ನ ಬಾಯಿಗೆ ಬಂದದ್ದು ‘ಋಣ’. ಅನ್ನದ ಋಣ, ಮಣ್ಣಿನ ಋಣ, ತಾಯಿಯ ಋಣ. ನಾವು ಕೃತಜ್ಞತೆಗೆ ಆಡುವ ನಿಜವಾದ ಮಾತು ಇದೇ ಅಲ್ವಾ? ಉಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತೇವೆ. ಅವರಲ್ಲಿ ಒಬ್ಬನನ್ನು ಬೈಯಲು ‘ಒಳಗಿನ ಸಾಲ ಇಲ್ಲದವನು’ ಅಂದರೆ ಅದಕ್ಕಿಂತ ಕೆಟ್ಟ ಬೈಗುಳ ಬೇಕಿಲ್ಲ. ಕಂಡವರನ್ನು “ಕುಮಾಯಿನ್ ಕಾ ನಾ?” ಎಂದು ಕೇಳುತ್ತಾರೆ. ನಮ್ಮ ‘ಊಟ ಆಯ್ತಾ?’ಕ್ಕೆ ಅದಕ್ಕಿಂತ ಸರಿಯಾದ ಅನುವಾದ ಇಂಗ್ಲಿಷಿನಲ್ಲಂತೂ ಇಲ್ಲ.

ನಮ್ಮ ಸೀಮೆಯ ಭೂಮಿ ಹುಣ್ಣಿಮೆ ನೆನಪಾಗುತ್ತದೆ. ಆಶ್ವಯುಜದ ಹುಣ್ಣಿಮೆ ಹೊತ್ತಿಗೆ ಗದ್ದೆ ಹೊಡೆ ತುಂಬಿಕೊಂಡಿರುತ್ತದೆ. ಭೂಮಿತಾಯಿ ಬಸುರಿ. ಬಸುರಿಗೆ ಬಯಕೆ ಊಟ ಹಾಕಬೇಕು. ಹೆಂಗಸರು ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆದು, ರಾತ್ರಿಯೆಲ್ಲ ಅಡುಗೆ ಮಾಡಿ, ನಸುಕಿನಲ್ಲಿ ಗದ್ದೆಗೆ ಹೊತ್ತು ಒಯ್ಯುತ್ತಾರೆ. ಥ್ಯಾಂಕ್ಸ್‌ಗಿವಿಂಗ್ ಕೊಯ್ಲು ಮುಗಿದ ಮೇಲಿನ ಹಬ್ಬ. ನಮ್ಮದು ಕೊಯ್ಲಿಗೆ ಮುಂಚಿನದು. ಬೆಳೆ ಕೈಗೆ ಬಂದಿದೆಯೋ ಇಲ್ಲವೋ, ಮೊದಲು ಅವಳು ಉಣ್ಣಲಿ. ಅಲ್ಲೂ ಮಾತಿಗಿಂತ ಬಡಿಸುವುದೇ ಮುಂದೆ.

ಹಾಗಂತ ನಮ್ಮ ಕ್ರಮವೇ ದೊಡ್ಡದು ಎಂದು ನಾನು ಹೇಳಲಾರೆ. ಋಣಕ್ಕೆ ಭಾರ ಇದೆ. ಆತೆ ತಿಂಗಳು ತಿಂಗಳು ಊರಿಗೆ ದುಡ್ಡು ಕಳಿಸುತ್ತಾರೆ. ಅಣ್ಣನ ಮಗಳ ನರ್ಸಿಂಗ್ ಓದು, ಚಿಕ್ಕಪ್ಪನ ಮನೆಯ ಚಾವಣಿ. ಮನೆಯ ಮೂಲೆಯಲ್ಲಿ ಯಾವಾಗಲೂ ಒಂದು ಬಾಲಿಕ್‌ಬಾಯನ್ ಪೆಟ್ಟಿಗೆ ತೆರೆದೇ ಇರುತ್ತದೆ. ಸೋಪು, ಚಾಕಲೇಟು, ಡಬ್ಬಿ ಮಾಂಸ, ಶೂ, ಒಂದೊಂದಾಗಿ ತುಂಬುತ್ತದೆ. ಕ್ರಿಸ್‌ಮಸ್ಸಿಗೆ ಹಡಗಿನಲ್ಲಿ ಊರು ಸೇರಬೇಕು. ಇಲ್ಲೇ ಹುಟ್ಟಿದ ಮಗಳು ಒಮ್ಮೆ ಊಟದ ನಡುವೆ ಕೇಳಿದಳು, “ಅಮ್ಮಾ, ಈ ಸಾಲ ಯಾವಾಗ ತೀರುತ್ತದೆ?” ಆತೆ ಉತ್ತರ ಕೊಡಲಿಲ್ಲ. ನನಗೆ ಆ ಹುಡುಗಿಯ ಪ್ರಶ್ನೆ ಸರಿ ಅನ್ನಿಸಿತು. “ನಿನ್ನನ್ನು ಓದಿಸಿದ್ದು ಯಾರು ಗೊತ್ತಾ?” ಎಂಬ ಮಾತು ನಮ್ಮ ಮನೆಗಳಲ್ಲಿ ಎಷ್ಟು ಮಕ್ಕಳ ಮದುವೆ, ಕೆಲಸ, ಆಸೆಗಳನ್ನು ಹಿಡಿದು ನಿಲ್ಲಿಸಿದೆ, ನೋಡಿದ್ದೇವಲ್ಲ.

ಋಣದ ಈ ಭಾರವನ್ನು ದೇಶಕ್ಕೆ ದೇಶವೇ ಅನುಭವಿಸಿದೆ. ಫಿಲಿಪೀನ್ಸ್ 1898ರಿಂದ 1946ರ ತನಕ ಅಮೆರಿಕದ ಕೈಕೆಳಗಿತ್ತು. ಆಗ ಥ್ಯಾಂಕ್ಸ್‌ಗಿವಿಂಗ್ ಅಲ್ಲೂ ಇತ್ತು. ಇಂಗ್ಲಿಷ್ ಶಾಲೆ, ಅಮೆರಿಕನ್ ಮಾದರಿಯ ನರ್ಸಿಂಗ್ ಕಾಲೇಜು ಬಂದದ್ದೂ ಆಗಲೇ. ಆತೆಯಂಥವರು ಇಷ್ಟು ಜನ ಇಲ್ಲಿನ ಆಸ್ಪತ್ರೆಗಳಲ್ಲಿರುವುದಕ್ಕೆ ಬೇರು ಅಲ್ಲಿದೆ. ಮುಂದೆ 1972ರಲ್ಲಿ ಅಲ್ಲಿನ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ಮಿಲಿಟರಿ ಕಾನೂನು ಹೇರಿದರು. ಆಮೇಲೆ ಅದರ ವಾರ್ಷಿಕ ದಿನ, ಸೆಪ್ಟೆಂಬರ್ 21ನ್ನೇ, ಥ್ಯಾಂಕ್ಸ್‌ಗಿವಿಂಗ್ ದಿನ ಎಂದು ಸಾರಿದರು. ಜನರನ್ನು ಜೈಲಿಗೆ ಹಾಕಿ, ನನಗೆ ಕೃತಜ್ಞರಾಗಿರಿ ಅನ್ನುವ ಹಬ್ಬ! 1986ರಲ್ಲಿ ಜನ ಬೀದಿಗಿಳಿದು ಅವರನ್ನು ಓಡಿಸಿದರು. ಆ ಹಬ್ಬವೂ ಅವರ ಜೊತೆಗೇ ಹೋಯಿತು. ಲೋಲಾ ಆ ಕಾಲ ಕಂಡವರು. ಆ ದಿನಗಳ ಬಗ್ಗೆ ಕೇಳಿದರೆ ಕೈ ಬೀಸಿ ಸುಮ್ಮನಾಗುತ್ತಾರೆ.

ಆದ್ದರಿಂದ ನನಗೆ ಈಗ ಆ ಅಮೆರಿಕನ್ ಮನೆಯ ಎಂಟು ವರ್ಷದ ಹುಡುಗಿಯ ಮೇಲೂ ಗೌರವ ಇದೆ. ಬಾಯಿಬಿಟ್ಟು ಹೇಳಿದರೆ ಕೇಳಿದವರಿಗೆ ಗೊತ್ತಾಗುತ್ತದೆ, ಹೇಳಿದವರಿಗೂ ಹಗುರ. ಹೋದ ವರ್ಷ ನಾನೇ ಆತೆಗೆ ಹೇಳಿದೆ. ನಮ್ಮ ಮಗಳು ಹುಟ್ಟಿದಾಗ ಹದಿನೈದು ದಿನ ನೀವು ಕಳಿಸಿದ ಬಿಸಿ ಅನ್ನ, ಶುಂಠಿ ಹಾಕಿದ ಗಂಜಿ ನಾವು ಮರೆತಿಲ್ಲ, ಸಲಾಮತ್ ಎಂದೆ. ಹಾಗಂದರೆ ಥ್ಯಾಂಕ್ಸ್. ಅವರ ‘ಸಲಾಮತ್’ ಮತ್ತು ನಮ್ಮ ‘ಸಲಾಮು’ ಎರಡೂ ಅರಬ್ಬಿ ಬೇರಿನವೇ. ಆತೆ ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಮೂಗು ಒರೆಸಿಕೊಂಡು, ಉಳಿದದ್ದನ್ನೆಲ್ಲ ಫಾಯಿಲಿನಲ್ಲಿ ಕಟ್ಟತೊಡಗಿದರು. ಅವರ ಮನೆಯಿಂದ ಬರಿಗೈಯಲ್ಲಿ ಯಾರೂ ಹೊರಡುವ ಹಾಗಿಲ್ಲ.

ಲೋಲಾ ನಮ್ಮ ಡಬ್ಬಿಯ ಮುಚ್ಚಳದ ಮೇಲೆ ಬೆರಳಾಡಿಸುತ್ತಾ ಇದೇನು ಬರೆದಿದೆ ಅಂತ ಕೇಳಿದರು. ನನ್ನ ತಾಯಿಯ ಹೆಸರು ಅಂದೆ. ಎರಡು ಸಲ ಹೇಳಿಸಿಕೊಂಡು ಬಾಯಿಪಾಠ ಮಾಡಿಕೊಂಡರು. ಆ ಭಾನುವಾರ ಅಮ್ಮನಿಗೆ ಇದನ್ನು ಹೇಳಿದರೆ, “ಅದಿರಲಿ, ಡಬ್ಬಿ ಈಗ ಯಾರ ಮನೆಯಲ್ಲಿದೆ?” ಅಂದಳು. ನಮ್ಮಲ್ಲೇ ಇದೆ ಎಂದೆ. “ಮತ್ತೆ? ಎಷ್ಟು ದಿನ ಇಟ್ಟುಕೊಳ್ತೀಯ?” ಅಂತ ಕೇಳಿ, ಕಾಯಿಹೋಳಿಗೆಗೆ ಹೂರಣ ಎಷ್ಟು ಗಟ್ಟಿ ಇರಬೇಕು ಅಂತ ನನ್ನ ಹೆಂಡತಿಗೆ ಹೇಳತೊಡಗಿದಳು.