ಹೆಬ್ಬಕಕ್ಕೆ ಕೊನೆಗೂ ಗೋಡೆ ಸಿಕ್ತು

ಅಳಿವಿನಂಚಿನ ಪ್ರಾಣಿಪಕ್ಷಿ, ಬಾಲ್ಯದ ನೆನಪು ಎರಡನ್ನೂ ಸೇರಿಸಿ ಚಿತ್ರಪ್ರದರ್ಶನ ಮಾಡಿದಾರಲ್ಲ, ಉದ್ಘಾಟನೆ ಫೋಟೋ ಎಲ್ರೂ ನೋಡಿರ್ತೀರಿ. ಹೆಬ್ಬಕದ, ಅದೇ ಗ್ರೇಟ್ ಇಂಡಿಯನ್ ಬಸ್ಟರ್ಡ್ ಚಿತ್ರದ ಮುಂದೆ ಗಣ್ಯರೊಬ್ರು ಕಣ್ಣೊರೆಸ್ಕೊತಿದಾರೆ. ಹಕ್ಕಿಯ ಹಿಂದೆ ದಟ್ಟ ಕಾಡು, ಮೂಲೇಲಿ ಒಂದು ಜಲಪಾತ ಬೇರೆ! ಅದು ಬಯಲಿನ ಹಕ್ಕಿ ಕಣ್ರೀ. ಕಲಾವಿದರನ್ನ ಬೈದು ಪ್ರಯೋಜನ ಇಲ್ಲ ಬಿಡಿ, ಸರ್ಕಾರಿ ಕಡತದಲ್ಲೂ ಹಸಿರು ಅಂದ್ರೆ ಮರ, ಹುಲ್ಲುಗಾವಲು ಅಂದ್ರೆ ಪಾಳುಭೂಮಿ.

ರಾಣೆಬೆನ್ನೂರಲ್ಲಿ 1974ರಲ್ಲಿ ಕೃಷ್ಣಮೃಗಕ್ಕೆ ಅಂತ ಅಭಯಾರಣ್ಯ ಆಯ್ತು, ಆ ಕಡೆ ಹೆಬ್ಬಕಾನೂ ಇತ್ತು. ಹುಲ್ಲಿದ್ದಲ್ಲೆಲ್ಲ ನೀಲಗಿರಿ ತೋಪು ಎದ್ದು, ಬಟಾಬಯಲೇ ಬೇಕು ಅನ್ನೋ ಹಕ್ಕಿಗೆ ನೆರಳಿನ ಭಾಗ್ಯ ಸಿಕ್ತು. ಹಕ್ಕಿ ಹೋಯ್ತು, ನೀಲಗಿರಿ ಉಳೀತು.

ನಮಗೆ ಸರಿಹೊಂದೋದು ಅಂದ್ರೆ ಗಂಡಭೇರುಂಡನೇ. ರಾಜ್ಯ ಲಾಂಛನದ ನಡುಮಧ್ಯೆ ಎರಡು ತಲೆ ಇಟ್ಕೊಂಡು ಆರಾಮಾಗಿ ಕೂತಿದೆ, ಮಿಡತೆ ಕೇಳಲ್ಲ, ಮೊಟ್ಟೆ ಇಡಲ್ಲ, ಯಾವ ಪ್ರಾಜೆಕ್ಟಿಗೂ ಅಡ್ಡ ಬರಲ್ಲ, ಪರಿಸರ ಅನುಮತಿಗೆ ಅದರ ಎರಡು ತಲೇಲಿ ಒಂದೂ ತಕರಾರು ಎತ್ತಲ್ಲ. ಹುಟ್ಟೇ ಇಲ್ಲದ್ದು ಅಳಿಯೋದೆಲ್ಲಿಂದ? ಹೆಬ್ಬಕಕ್ಕೆ ಆ ಜಾಣತನ ಬರ್ಲಿಲ್ಲ. ಮೀಟರ್ ಎತ್ತರ, ಗಂಡಾದ್ರೆ 15 ಕೆಜಿವರೆಗೂ ತೂಕ, ಇಡೋದು ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬರೀ ನೆಲದ ಮೇಲೆ. ಹಾರುವಾಗ ಎದುರಿಗಿರೋ ಕರೆಂಟ್ ವೈರ್ ಸರಿಯಾಗಿ ಕಾಣಲ್ಲ, ಕಂಡ್ರೂ ಆ ಭಾರದ ಮೈ ಹೊತ್ಕೊಂಡು ತಿರುಗೋಷ್ಟರಲ್ಲಿ ಬಡಿದು ಬಿದ್ದಿರತ್ತೆ. ರಾಜಸ್ಥಾನ, ಗುಜರಾತಲ್ಲಿ ವೈರ್ ನೆಲದೊಳಗೆ ಹಾಕಿ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳ್ತು, ಆಗಲ್ಲ ಸ್ವಾಮಿ ಅಂತ ಸರ್ಕಾರ ಮತ್ತೆ ಕೋರ್ಟ್ ಮುಂದೆ ಹೋಗಿ ನಿಂತ್ಕೊಳ್ತು, 2024ರಲ್ಲಿ ಆದೇಶ ಸಡಿಲ ಆಯ್ತು.

ಬಾಲ್ಯದ ನೆನಪಿನ ವಿಭಾಗಕ್ಕೆ ಭಾರಿ ರಶ್ಶಂತೆ. ಗೋಣಿಚೀಲದ ಮೇಲೆ ಗುಬ್ಬಿ, ಹಳೇ ಹಂಚಿನ ಮೇಲೆ ಮುಂಗುಸಿ, ಬಹಳ ಸುಂದರ, ನಿಜಕ್ಕೂ. ಆದ್ರೆ ಅಲ್ಲಿ ನಿಂತು ಗೊಳೋ ಅಂದೋರ ಬಾಲ್ಯ ಮುಗಿದ ಮೇಲೆ ಏನಾಯ್ತು? ಕೆರೆ ಮುಚ್ಚಿ ಲೇಔಟ್ ಮಾಡೋಕೆ ಸಹಿ ಹಾಕಿದ್ದು ಇದೇ ತಲೆಮಾರು, ಸೈಟ್ ತಗೊಂಡಿದ್ದೂ ಇದೇ ತಲೆಮಾರು. ಈಗ ಬಂದು ಕಣ್ಣೀರು ಹಾಕಿದ್ರೆ ನೋಡೋಕೂ ಬೇಜಾರು, ಸಾಕಾಗಿದೆ.

ಬಳ್ಳಾರಿ ಜಿಲ್ಲೆ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಹೆಬ್ಬಕ ಉಳ್ಕೊಂಡಿದ್ವು, ಅವಕ್ಕೆ ಬೇಕಾಗಿದ್ದು ಹುಲ್ಲು, ಬಯಲು, ಅಷ್ಟೇ. ಪ್ರದರ್ಶನ ನೋಡಿ ಹೊರಗೆ ಬಂದೋರ ಕೈಗೆ ಆಯೋಜಕರು ಒಂದೊಂದು ಸಸಿ ಕೊಟ್ಟು ಕಳಿಸಿದಾರೆ, ಎಲ್ಲಾದ್ರೂ ಖಾಲಿ ಬಯಲು ಕಂಡ್ರೆ ನೆಟ್ಬಿಡಿ ಅಂತ.