ಶೌಚಾಲಯದ ಹಿನ್ನೆಲೆ ಪರಿಶೀಲನೆ

ಸರ್ಕಾರಿ ಕೈಪಿಡಿಗಳಿಗೆ ನಮ್ಮ ದೇಶದಲ್ಲಿ ದೀರ್ಘಾಯುಷ್ಯವಿದೆ. ಯಾರೂ ಓದುವುದಿಲ್ಲವಾದ್ದರಿಂದ ಅವು ಸವೆಯುವುದಿಲ್ಲ, ಹರಿಯುವುದಿಲ್ಲ, ಯಾರ ಮನಸ್ಸನ್ನೂ ನೋಯಿಸುವುದಿಲ್ಲ. ಬಿಇಒ ಕಚೇರಿಯ ಕಪಾಟಿನಲ್ಲಿ ಗೆದ್ದಲು ಹತ್ತುವವರೆಗೆ ನೆಮ್ಮದಿಯಾಗಿ ಬಾಳುತ್ತವೆ. ಈ ಸತ್ಸಂಪ್ರದಾಯಕ್ಕೆ ಭಂಗ ತಂದದ್ದು, ಲಿಂಗತ್ವ ಅಲ್ಪಸಂಖ್ಯಾತ ಮಕ್ಕಳನ್ನು ಶಾಲೆ ತನ್ನವರೆಂದು ನಡೆಸಿಕೊಳ್ಳುವುದು ಹೇಗೆಂದು ಶಿಕ್ಷಕರಿಗೆ ತಿಳಿಸಲು ಎನ್‌ಸಿಇಆರ್‌ಟಿ 2021ರಲ್ಲಿ ಸಿದ್ಧಪಡಿಸಿದ ತರಬೇತಿ ಕೈಪಿಡಿ. ಅಕ್ಟೋಬರ್ ಕೊನೆಯಲ್ಲಿ ಜಾಲತಾಣವನ್ನು ಏರಿದ ಅದು ನವೆಂಬರ್ ಮೊದಲ ವಾರ ಕಳೆಯುವಷ್ಟರಲ್ಲಿ ಅಲ್ಲಿರಲಿಲ್ಲ. ಆ ವರ್ಷದ ದೀಪಾವಳಿ ನವೆಂಬರ್ 4ಕ್ಕಿತ್ತು. ಜನ ಮನೆಯ ಮುಂದಿನ ಆಕಾಶಬುಟ್ಟಿ ಇಳಿಸುವ ಮೊದಲೇ ಸಂಸ್ಥೆ ಕೈಪಿಡಿಯನ್ನು ಇಳಿಸಿತ್ತು.

ಅದರೊಳಗೆ ಏನಿತ್ತೆಂದು ಹೇಳುವಾಗ ಓದುಗರು ಮಕ್ಕಳನ್ನು ಪಕ್ಕದ ಕೋಣೆಗೆ ಕಳುಹಿಸುವುದು ಒಳ್ಳೆಯದು. ಗಂಡು, ಹೆಣ್ಣು ಎಂಬ ಫಲಕವಿಲ್ಲದ ಶೌಚಾಲಯವಿರಲಿ, ಯಾರು ಬೇಕಾದರೂ ತೊಡಬಹುದಾದ ಸಮವಸ್ತ್ರವಿರಲಿ, ಪ್ರತಿಯೊಂದು ಚಟುವಟಿಕೆಗೂ ಹುಡುಗರ ಸಾಲು, ಹುಡುಗಿಯರ ಸಾಲು ಎಂದು ವಿಂಗಡಿಸುವುದು ಬೇಡ, ಶಿಕ್ಷಕರಿಗೂ ಸಿಬ್ಬಂದಿಗೂ ತಿಳಿವಳಿಕೆ ಕೊಡಿ ಎಂದು ಅದು ಹೇಳಿತ್ತು. ದೂರು ಹೋಯಿತು, ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಇಂತಹ ಪಠ್ಯದಿಂದ ಮಕ್ಕಳಿಗೆ ಮಾನಸಿಕ ಆಘಾತವಾದೀತೆಂದು ಎನ್‌ಸಿಇಆರ್‌ಟಿಗೆ ಪತ್ರ ಬರೆಯಿತು. ಫಲಕವಿಲ್ಲದ ಶೌಚಾಲಯ ಅಷ್ಟು ಅಪಾಯಕಾರಿಯಾದರೆ, ಎಷ್ಟೋ ಶಾಲೆಗಳಲ್ಲಿ ವಿಶೇಷ ಚೇತನ ಮಕ್ಕಳಿಗೆಂದು ಕಟ್ಟಿಸಿದ, ಗಂಡು ಹೆಣ್ಣೆಂದು ಕೇಳದ ಆ ಒಂದು ಶೌಚಾಲಯಕ್ಕೆ ಬೀಗ ಜಡಿದು, ಒಳಗೆ ಪೊರಕೆ ಮತ್ತು ಸುಣ್ಣದ ಡಬ್ಬಿ ಇಟ್ಟು, ಕೀಲಿಕೈಯನ್ನು ಮುಖ್ಯೋಪಾಧ್ಯಾಯರ ಮೇಜಿನ ಡ್ರಾಯರಿನಲ್ಲಿ ಭದ್ರಪಡಿಸಿರುವುದರ ಹಿಂದಿನ ದೂರದೃಷ್ಟಿ ಈಗ ಅರ್ಥವಾಗುತ್ತದೆ.

ಕೈಪಿಡಿ ರಚಿಸಿದ ಸಮಿತಿಯ ಸದಸ್ಯರ ಹಿನ್ನೆಲೆಯನ್ನೂ ಅರ್ಹತೆಯನ್ನೂ ಪರಿಶೀಲಿಸಬೇಕೆಂದು ಆಯೋಗ ಬಯಸಿತು. ಇದಕ್ಕೆ ಪೂರ್ವನಿದರ್ಶನವಿಲ್ಲದಿಲ್ಲ. ನಾಟ್ಯ ಕಲಿಸುವ ಹುದ್ದೆ ಕೇಳಿಕೊಂಡು ಬೃಹನ್ನಳೆ ವಿರಾಟನಗರಕ್ಕೆ ಬಂದಾಗ ಅರಸನೂ ಪರೀಕ್ಷೆ ಮಾಡಿಸಿಯೇ ಅಂತಃಪುರದೊಳಗೆ ಬಿಟ್ಟನು. ಆದರೆ ಪರೀಕ್ಷೆ ಮುಗಿದ ಮೇಲೆ ಸ್ವಂತ ಮಗಳ ಪಾಠವನ್ನೇ ಒಪ್ಪಿಸಿದನು. ಇದರಿಂದ ಉತ್ತರೆಗೆ ಆಘಾತವಾಯಿತೆಂದು ಎಲ್ಲಿಯೂ ಉಲ್ಲೇಖವಿಲ್ಲ. ಆಘಾತವಾದದ್ದು ಕೌರವ ಸೈನ್ಯಕ್ಕೆ.

ಮಾನಸಿಕ ಆಘಾತದಿಂದ ಮಕ್ಕಳನ್ನು ಕಾಪಾಡುವ ವಿಷಯದಲ್ಲಿ ನಮ್ಮ ಪ್ರೌಢಶಾಲೆಗಳು ಎಷ್ಟು ಎಚ್ಚರವಾಗಿವೆ ಎಂಬುದನ್ನು ಬೆಳಗಿನ ಹಾಜರಿಯಲ್ಲಿಯೇ ಕಾಣಬಹುದು. ಏಳು, ಎಸ್ ಸಾರ್. ಎಂಟು, ಎಸ್ ಸಾರ್. ಒಂಬತ್ತು ಎನ್ನುತ್ತಲೇ ಹಿಂದಿನ ಬೆಂಚಿನಿಂದ ಹೊರಟ ನಗೆ ಮುಂದಿನ ಬೆಂಚಿನವರೆಗೆ ಹರಿದು ಬರುತ್ತದೆ, ಮೇಷ್ಟ್ರು ತುಟಿಯಂಚಿನಲ್ಲಿ ತಮ್ಮ ಪಾಲಿನದನ್ನು ನಕ್ಕು ‘ಸೈಲೆನ್ಸ್’ ಎನ್ನುತ್ತಾರೆ. ಆ ಸಂಖ್ಯೆ ಪಾಲಿಗೆ ಬಂದ ಹುಡುಗನಿಗೆ ಹೆಸರು ಬದಲಿಸಿಕೊಂಡು ಅಕ್ಷರಮಾಲೆಯಲ್ಲಿ ಹಿಂದಕ್ಕೆ ಸರಿಯುವುದೊಂದೇ ದಾರಿ. ಆದರೆ ಇದು ಆಘಾತವಲ್ಲ, ತಮಾಷೆ. ಮಧ್ಯಾಹ್ನ ಮೈದಾನದಲ್ಲಿ ಪಿ.ಟಿ. ಮೇಷ್ಟ್ರು ‘ಗಂಡಸಿನ ಹಾಗೆ ನಡಿಯೋ’ ಎಂದು ಸೀಟಿ ಊದುತ್ತಾರೆ, ಅದು ಶಿಸ್ತು. ಅದೇ ಹುಡುಗ ವಾರ್ಷಿಕೋತ್ಸವದ ರಾತ್ರಿ ಸೀರೆಯುಟ್ಟು ಸ್ತ್ರೀವೇಷ ಕಟ್ಟಿದರೆ, ಮುಂದಿನ ಸಾಲಿನಲ್ಲಿ ಕುಳಿತ ಎಸ್‌ಡಿಎಂಸಿ ಅಧ್ಯಕ್ಷರು ಎದ್ದು ಬಂದು ಐನೂರರ ನೋಟನ್ನು ಅವನ ಸೆರಗಿಗೆ ಸಿಕ್ಕಿಸಿ, ‘ಥೇಟ್ ಹೆಣ್ಣೇ ಕಣಪ್ಪ’ ಎಂದು ಮೈಕಿನಲ್ಲಿ ಕೊಂಡಾಡುತ್ತಾರೆ, ಅದು ಕಲೆ. ಬೆಳಗಾದರೆ ಮತ್ತೆ ಹಾಜರಿ.

ಯುನೆಸ್ಕೊ 2019ರಲ್ಲಿ ಪ್ರಕಟಿಸಿದ, ತಮಿಳುನಾಡಿನಲ್ಲಿ ನಡೆದ ಅಧ್ಯಯನವೊಂದರಲ್ಲಿ, ಪಾಲ್ಗೊಂಡ ಲೈಂಗಿಕ ಮತ್ತು ಲಿಂಗತ್ವ ಅಲ್ಪಸಂಖ್ಯಾತರ ಪೈಕಿ ಸುಮಾರು ಶೇ. 60ರಷ್ಟು ಮಂದಿ ಮಾಧ್ಯಮಿಕ ಅಥವಾ ಪ್ರೌಢಶಾಲೆಯಲ್ಲಿ ತಮ್ಮ ಮೇಲೆ ಕೈಮಾಡಲಾಗಿತ್ತೆಂದು ಹೇಳಿದ್ದರು. ಶಾಲೆಗೆ ದೂರು ಕೊಟ್ಟವರು ಶೇ. 18 ಮಾತ್ರ, ಅವರಲ್ಲಿ ಅರ್ಧದಷ್ಟು ಜನರಿಗೆ ಸಿಕ್ಕ ಉತ್ತರ ‘ಗಮನ ಕೊಡಬೇಡ’ ಎಂಬುದು. ಇನ್ನು ಕೆಲವರಿಗೆ ನಿನ್ನ ವೇಷಭೂಷಣವನ್ನೇ ತಿದ್ದಿಕೋ ಎಂಬ ಸಲಹೆ ದೊರೆತಿತ್ತು. ಕೈಪಿಡಿಯೇ ಇಲ್ಲದೆ ಇಷ್ಟು ಸ್ಪಷ್ಟವಾದ ಕಾರ್ಯವಿಧಾನ ರೂಪಿಸಿಕೊಂಡಿರುವ ಶಾಲೆಗಳಿಗೆ ಕೈಪಿಡಿಯ ಅಗತ್ಯವಾದರೂ ಏನಿತ್ತು? ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿತಾದರೂ, ಹತ್ತನೆಯ ತರಗತಿಯ ಇಬ್ಬರು ಹುಡುಗಿಯರು ಸದಾ ಕೈ ಹಿಡಿದುಕೊಂಡೇ ಓಡಾಡಿದರೆ ಕರೆಸಬೇಕಾದದ್ದು ಅಪ್ಪ-ಅಮ್ಮನನ್ನೋ ಪೊಲೀಸರನ್ನೋ ಎಂಬುದರ ಬಗ್ಗೆ ಸಿಬ್ಬಂದಿ ಕೊಠಡಿ ಇನ್ನೂ ಒಮ್ಮತಕ್ಕೆ ಬಂದಿಲ್ಲ.

ಕೈಪಿಡಿ ಕಣ್ಮರೆಯಾದ ಬೆನ್ನಿಗೇ, ನವೆಂಬರ್ 9ರಂದು, ರಾಷ್ಟ್ರಪತಿ ಭವನದಲ್ಲಿ ಬಳ್ಳಾರಿ ಸೀಮೆಯ ಮಂಗಳಮುಖಿ ಕಲಾವಿದೆ ಮಂಜಮ್ಮ ಜೋಗತಿಯವರು ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದು ಪದ್ಮಶ್ರೀ ಸ್ವೀಕರಿಸಿದರು. ದೇಶವೇ ಆ ದೃಶ್ಯ ಕಂಡು ಕಣ್ಣೊರೆಸಿಕೊಂಡಿತು, ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪುಗಳೂ ಒರೆಸಿಕೊಂಡವು. ಮನೆ ಬಿಟ್ಟು, ಭಿಕ್ಷೆ ಬೇಡಿ, ಜೋಗತಿ ನೃತ್ಯ ಕಲಿತು, ಅರವತ್ತರ ಅಂಚಿಗೆ ಬಂದವರನ್ನು ಗೌರವಿಸಲು ನಮಗೆ ಏನೂ ತಕರಾರಿಲ್ಲ. ತಕರಾರು ಇರುವುದು ಹದಿನಾಲ್ಕರ ವಯಸ್ಸಿನವರ ಬಗ್ಗೆ ಮಾತ್ರ.

ಈ ವಿಷಯದಲ್ಲಿ ಕರ್ನಾಟಕವನ್ನು ಮೀರಿಸುವವರಿಲ್ಲ. 2007ರಲ್ಲಿ, ಲೈಂಗಿಕ ಶಿಕ್ಷಣವನ್ನೊಳಗೊಂಡ ಹದಿಹರೆಯದ ಶಿಕ್ಷಣ ಕಾರ್ಯಕ್ರಮವೇ ತನ್ನ ಶಾಲೆಗಳಿಗೆ ಬೇಡವೆಂದ ರಾಜ್ಯಗಳಲ್ಲಿ ನಮ್ಮದೂ ಒಂದು. 2021ರಲ್ಲಿ ಸರ್ಕಾರಿ ಉದ್ಯೋಗದಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1ರಷ್ಟು ಮೀಸಲಾತಿ ಕೊಟ್ಟ ಮೊದಲ ರಾಜ್ಯವೂ ನಮ್ಮದೇ. ಹುದ್ದೆ ಖಾಲಿ ಇದೆ, ಅರ್ಜಿ ಹಾಕಿ. ಜೊತೆಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೋ ಪದವಿ ಪ್ರಮಾಣಪತ್ರವನ್ನೋ ಲಗತ್ತಿಸಿ. ಎಂಟನೆಯ ತರಗತಿಯಲ್ಲಿ ಟಿ.ಸಿ. ಕೊಟ್ಟು ಕಳುಹಿಸಿದವರು ಒಂದು ಇಲಾಖೆ, ಅಂಕಪಟ್ಟಿ ಕೇಳುವವರು ಇನ್ನೊಂದು ಇಲಾಖೆ. ಇಬ್ಬರ ನಡುವೆ ಪತ್ರವ್ಯವಹಾರವಿಲ್ಲ. 2011ರ ಜನಗಣತಿಯಲ್ಲಿ ‘ಇತರೆ’ ಎಂದು ನಮೂದಾದವರಲ್ಲಿ ಅಕ್ಷರಸ್ಥರು ಶೇ. 56ರಷ್ಟು ಮಾತ್ರ ಇದ್ದರೆಂಬ ಅಂಕಿಯನ್ನು ಯಾವ ಇಲಾಖೆಯ ಕಡತದಲ್ಲಿ ಇರಿಸಬೇಕೆಂಬುದೂ ತೀರ್ಮಾನವಾದಂತಿಲ್ಲ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಗೆಂದು ಮಾಡಿದ 2019ರ ಕೇಂದ್ರ ಕಾಯ್ದೆಯ ಪ್ರಕಾರ ಗುರುತಿನ ಪ್ರಮಾಣಪತ್ರ ಕೊಡುವವರು ಜಿಲ್ಲಾಧಿಕಾರಿ. ಅರ್ಜಿದಾರರು ಅಪ್ರಾಪ್ತರಾದರೆ ಅರ್ಜಿಯನ್ನು ತಂದೆ-ತಾಯಿ ಅಥವಾ ಪೋಷಕರು ಸಲ್ಲಿಸಬೇಕು. ಯಾರಿಗೆ ಹೇಳಲು ಹೆದರಿ ಮಗು ಬಾಯಿ ಮುಚ್ಚಿಕೊಂಡಿದೆಯೋ ಅವರ ಸಹಿಯೇ ಮೊದಲು ಬೇಕೆಂಬುದು ಸರಳೀಕರಣವಲ್ಲದೆ ಮತ್ತೇನು? ಅದೇ ಕಾಯ್ದೆ ಅನುದಾನಿತ ಮತ್ತು ಮಾನ್ಯತೆ ಪಡೆದ ಶಾಲೆಗಳು ಭೇದವಿಲ್ಲದೆ ಎಲ್ಲರನ್ನೂ ಒಳಗೊಳ್ಳಬೇಕೆಂದೂ ವಿಧಿಸುತ್ತದೆ. ಹೇಗೆಂದು ತಿಳಿಸಲೆಂದೇ ಆ ಕೈಪಿಡಿ ಹುಟ್ಟಿದ್ದು.

ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು ಸಲಿಂಗ ಜೋಡಿಯೊಂದರ ಪ್ರಕರಣದಲ್ಲಿ ತಮಗೆ ವಿಷಯ ಸರಿಯಾಗಿ ತಿಳಿದಿಲ್ಲವೆಂದು ತೆರೆದ ನ್ಯಾಯಾಲಯದ ದಾಖಲೆಯಲ್ಲಿಯೇ ಒಪ್ಪಿಕೊಂಡು, ಮನಶ್ಶಾಸ್ತ್ರಜ್ಞರ ಎದುರು ಕುಳಿತು ಪಾಠ ಹೇಳಿಸಿಕೊಂಡು, ಆಮೇಲೆ 2021ರ ಜೂನ್‌ನಲ್ಲಿ ಆದೇಶ ಬರೆದರು. ಕೈಪಿಡಿ ಹಿಂಪಡೆದ ರೀತಿಗೆ ಅವರು ಅಸಮಾಧಾನವನ್ನೂ ಸೂಚಿಸಿದರು. ನ್ಯಾಯಮೂರ್ತಿಗಳು ಕಲಿಯಬಹುದು, ಅವರಿಗೆ ಬಿಡುವಿರುತ್ತದೆ. ಬಿಸಿಯೂಟದ ಲೆಕ್ಕ, ಚುನಾವಣಾ ಕರ್ತವ್ಯ, ಮಕ್ಕಳ ಗಣತಿಗಳ ನಡುವೆ ಮೇಷ್ಟ್ರಿಗೆ ಬಿಡುವೆಲ್ಲಿ? 2023ರ ಆರಂಭದಲ್ಲಿ ಹೊಸ ಕರಡು ಹೊರಬಂದಾಗ, ಹಳೆಯದರಲ್ಲಿದ್ದ ಜಾತಿ ಮತ್ತು ಪಿತೃಪ್ರಧಾನತೆಯ ಮಾತುಗಳು ಅದರಲ್ಲಿ ಇರಲಿಲ್ಲವೆಂದು ಪತ್ರಿಕೆಗಳು ವರದಿ ಮಾಡಿದವು. ಮಕ್ಕಳನ್ನು ಒಳಗೊಳ್ಳುವ ಕೆಲಸ ವಿಷಯಗಳನ್ನು ಹೊರಗಿಡುವುದರಿಂದ ಆರಂಭವಾಯಿತು.

ಈ ನಡುವೆ ಶಾಲೆಗಳಿಗೆ ನನ್ನದೊಂದು ವಿನಂತಿ. ಈ ಬಾರಿಯ ವಾರ್ಷಿಕೋತ್ಸವಕ್ಕೆ ಪ್ರಶಸ್ತಿ ಪಡೆದ ಮಂಗಳಮುಖಿಯೊಬ್ಬರನ್ನು ಮುಖ್ಯ ಅತಿಥಿಯಾಗಿ ಕರೆಯಿರಿ. ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಡಿ, ಫೋಟೊ ತೆಗೆಸಿ ಇಲಾಖೆಗೆ ಕಳುಹಿಸಿ. ಭಾಷಣಗಳು ಲಂಬಿಸಿ, ಅತಿಥಿಗಳು ಮೆಲ್ಲನೆ ಮುಖ್ಯೋಪಾಧ್ಯಾಯರ ಕಡೆ ಬಾಗಿ ಶೌಚಾಲಯ ಎಲ್ಲಿದೆ ಎಂದು ಕೇಳಿದರೆ ಗಾಬರಿಯಾಗಬೇಡಿ. ಬಿಇಒ ಅವರಿಗೆ ಒಂದು ಪತ್ರ ಬರೆದರೆ ಅವರು ಡಿಡಿಪಿಐ ಅವರಿಗೂ, ಡಿಡಿಪಿಐ ಅವರು ಆಯುಕ್ತರಿಗೂ ಬರೆದು ಮಾರ್ಗದರ್ಶನ ಕೋರುತ್ತಾರೆ, ಮುಂದಿನ ವಾರ್ಷಿಕೋತ್ಸವದೊಳಗೆ ಉತ್ತರ ಬರುತ್ತದೆ.