ಮೊದಲು ಸಾಣೆ, ಆಮೇಲೆ ಹತ್ತರಿ

ನಿನ್ನೆಯಿಂದ ಸಿಟ್ಟು ಇಳಿದಿಲ್ಲ. ಬರೆದೇ ಬಿಡುತ್ತೇನೆ.

ಬೆಂಗಳೂರಿನಲ್ಲಿ ಒಂದು ಕಡೆ ಮರಗೆಲಸ ಕಲಿಸುತ್ತಾರೆ ಅಂತ ಗೆಳೆಯನ ಜೊತೆ ಸುಮ್ನೆ ನೋಡಲು ಹೋಗಿದ್ದೆ. ಹತ್ತರಿ ಹೊಡೆಯುವ ಪಾಠ ನಡೆದಿತ್ತು. (ಮರದ ಮೈ ಹೆರೆದು ನಯ ಮಾಡುವ ಸಲಕರಣೆ. ಉಜ್ಜುಗೊರಡು ಅನ್ನುತ್ತಾರಲ್ಲ, ಅದೇ.) ಆರು ಜನ, ಆರು ಹತ್ತರಿ. ಮೂಲೆಯಲ್ಲಿದ್ದ ಹುಡುಗಿ ತೇಗದ ಹಲಗೆ ಮೇಲೆ ತಳ್ಳುತ್ತಿದ್ದಳು. ಹತ್ತರಿ ಕಟಕಟ ಅಂತ ಕುಣಿಯುತ್ತಿತ್ತು. ಬರುತ್ತಿದ್ದದ್ದು ಸುರುಳಿಯಲ್ಲ, ಪುಡಿ. "ಇನ್ನೂ ಒತ್ತಿ, ಮೈಭಾರ ಹಾಕಿ" ಅನ್ನುತ್ತಿದ್ದರು ಕಲಿಸುವವರು. ಅರ್ಧ ಗಂಟೆ ಆದ ಮೇಲೆ ಅವಳು ಕೈ ಬಿಟ್ಟಳು. "ನನ್ನ ಕೈಲಿ ಆಗಲ್ಲ ಸರ್."

ಅವರು ಎಲೆಕ್ಟ್ರಿಕ್ ಪ್ಲೇನರ್ ತಂದಿಟ್ಟರು, ಹತ್ತರಿಯ ಕೆಲಸವನ್ನೇ ಕರೆಂಟಿನಲ್ಲಿ ಮಾಡುವ ಮೆಷಿನ್.

ನಾನು ಆ ಹತ್ತರಿಯ ಅಲಗು ತೆಗೆದು ಕಿಟಕಿ ಹತ್ತಿರ ಹಿಡಿದೆ. ಅಂಚಿನುದ್ದಕ್ಕೂ ಬಿಳಿ ಗೆರೆ ಹೊಳೆಯುತ್ತಿತ್ತು. ಹರಿತವಾದ ಅಂಚು ಹಾಗೆ ಹೊಳೆಯುವುದಿಲ್ಲ. ಹೊಳೆಯಿತು ಅಂದರೆ ಮೊಂಡಾಗಿದೆ ಅಂತಲೇ ಲೆಕ್ಕ. ಮೊಂಡು ಅಲಗು ಕೊಟ್ಟು, ತಪ್ಪು ಅವಳ ತೋಳಿನದ್ದು ಅಂತ ನಂಬಿಸಿದರಲ್ಲ, ಅದಕ್ಕೇ ನನ್ನ ಸಿಟ್ಟು.

ನಾನೂ ಹಾಗೇ ನಂಬಿದ್ದೆ. ನೀವೆಲ್ಲ ನನ್ನ ಮೊದಲ ಮೇಜಿನ ಫೋಟೋಗೆ ಲೈಕ್ ಒತ್ತಿದ್ದಿರಿ. ಆಗ ನನ್ನ ಬಲಭುಜ ಎತ್ತಲು ಆಗುತ್ತಿರಲಿಲ್ಲ, ಅದನ್ನು ಯಾರಿಗೂ ಹೇಳಿರಲಿಲ್ಲ. ಒಂದು ವರ್ಷ ಮೊಂಡು ಹತ್ತರಿ ತಳ್ಳಿದ್ದೆ. ಊರಿಗೆ ಹೋದಾಗ ಅಲ್ಲಿನ ಬಡಗಿ ಆಚಾರ್ರು ನೋಡಿ, ಏನೂ ಹೇಳದೆ ಬೆಣೆ ಬಡಿದು ಅಲಗು ಹೊರಗೆ ತೆಗೆದರು. "ಮೊದಲು ಇದನ್ನ ಕಲಿ ಮಗಾ, ತಳ್ಳೋದು ತಾನಾಗೇ ಬರುತ್ತೆ" ಅಂದರು. ಮೂರು ದಿನ ಬರೀ ಸಾಣೆ ಹಿಡಿಸಿದರು. ಅಲಗಿನ ಬೆನ್ನು ಕನ್ನಡಿಯ ಹಾಗೆ ಸಮತಟ್ಟಾಗಬೇಕು. ತುದಿ ಸುಮಾರು 30 ಡಿಗ್ರಿಗೆ ಕೂರಬೇಕು. ಒರಟು ಕಲ್ಲಿನಲ್ಲಿ ಉಜ್ಜುತ್ತಾ ಹೋದರೆ ಬೆನ್ನಿನ ಕಡೆ ಬೆರಳಿಗೆ ಸಣ್ಣ ತರಿ ಸಿಗುತ್ತದೆ. ಈ ಕೊನೆಯಿಂದ ಆ ಕೊನೆವರೆಗೂ ಸಿಗಬೇಕು, ಒಂದು ಕಡೆ ಇಲ್ಲದಿದ್ದರೂ ಅಲ್ಲಿ ಹರಿತ ಬಂದಿಲ್ಲ. ಆಮೇಲೆ ನಯದ ಕಲ್ಲಿನಲ್ಲಿ, ಕೊನೆಗೆ ಚರ್ಮದ ತುಂಡಿನ ಮೇಲೆ ಉಜ್ಜಬೇಕು. ಕೈ ಕುದುರಿದ ಮೇಲೆ ಹತ್ತು ನಿಮಿಷದ ಕೆಲಸ.

ತೇಗಕ್ಕಂತೂ ಇದು ಬೇಕೇ ಬೇಕು. ಆ ಮರದೊಳಗೇ ಸಿಲಿಕಾ, ಅಂದರೆ ಮರಳಿನಲ್ಲಿರುವಂಥ ಗಟ್ಟಿ ವಸ್ತು, ಇರುತ್ತದೆ, ಅಲಗು ಬೇಗ ಸವೆಯುತ್ತದೆ. ಹಲಸಿನ ಮರದ ಎಳೆ ಒಂದು ಪಟ್ಟಿಯಲ್ಲಿ ಈ ಕಡೆ ವಾಲಿದ್ದರೆ ಪಕ್ಕದ್ದರಲ್ಲಿ ಆ ಕಡೆ. ಮೊಂಡಿದ್ದರೆ ಕಿತ್ತುಕೊಂಡೇ ಬರುತ್ತದೆ.

ಮೆಷಿನ್ ಇರುವಾಗ ಇದೆಲ್ಲ ಯಾಕೆ ಅಂತ ಕೇಳುವವರಿದ್ದೀರಿ. ಇಪ್ಪತ್ತು ಬಾಗಿಲು ಮಾಡುವವರು ಮೆಷಿನ್ ಹಿಡಿಯಲಿ, ಬೇಡ ಅನ್ನಲ್ಲ. ಆದರೆ ಅವಳು ದುಡ್ಡು ಕಟ್ಟಿ ಬಂದಿದ್ದು ಹತ್ತರಿ ಕಲಿಯಲು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಇಟಲಿಯ ಪೊಂಪೈ ಪಟ್ಟಣದಲ್ಲೂ ಹತ್ತರಿ ಸಿಕ್ಕಿದೆ. ಇಷ್ಟು ಕಾಲ ಜನ ಇದರಲ್ಲಿ ಕೆಲಸ ಮಾಡಿದ್ದಾರೆ ಅಂದರೆ ಇದು ಪೈಲ್ವಾನರಿಗೆ ಮಾತ್ರ ಅಂತ ಮಾಡಿದ ಸಲಕರಣೆ ಅಲ್ಲ, ಅಲ್ವಾ?

ಊಟದ ಹೊತ್ತಿಗೆ ಕೇಳಿಕೊಂಡು, ಗೆಳೆಯನ ಚೀಲದಲ್ಲಿದ್ದ ಕಲ್ಲಿನಲ್ಲಿ ಆ ಒಂದು ಅಲಗು ಮಸೆದೆ. ಅವಳು ಬಂದು ತಳ್ಳಿದಳು. ಭಾರ ಹಾಕಲೇ ಇಲ್ಲ. ಸುಯ್ ಅಂತ ಸದ್ದು, ಹಲಗೆಯಷ್ಟೇ ಉದ್ದದ ಸುರುಳಿ. ಅವಳು ಹತ್ತರಿ ತಿರುಗಿಸಿ ನೋಡಿದಳು, ಬೇರೆ ಹತ್ತರಿ ಕೊಟ್ಟೆನೇನೋ ಅನ್ನುವ ಹಾಗೆ.

ಉಳಿದ ಐದು ಹಾಗೇ ಪೆಟ್ಟಿಗೆ ಸೇರಿದವು. ಮುಂದಿನ ಶನಿವಾರ ಇನ್ನೊಂದು ಬ್ಯಾಚ್ ಇದೆಯಂತೆ.